ಪದ್ಯ ಬಾಯಿಪಾಠವಾಗಲಿ, ಸಾರಾಂಶ ಬೇಡ

"ಕನ್ನಡ ತಾನೇ, ಅದನ್ನೇನು ಓದೂದು?" ಕಟಕೋಳ, ರಾಮದುರ್ಗ, ಸವದತ್ತಿ ಕಡೆಯ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ವರ್ಷ ಈ ಮಾತು ಬರುತ್ತಲೇ ಇರುತ್ತದೆ. ಗಣಿತಕ್ಕೆ ಟ್ಯೂಷನ್, ವಿಜ್ಞಾನಕ್ಕೆ ಟ್ಯೂಷನ್, ಕನ್ನಡಕ್ಕೆ ಕೊನೆಗಳಿಗೆಯಲ್ಲಿ ಒಂದು ಗೈಡ್. ಆದರೆ ಹತ್ತನೆಯ ತರಗತಿಯ ಪ್ರಥಮ ಭಾಷೆಯ ಪುಸ್ತಕ ತೆರೆದು ನೋಡಿ. ಹತ್ತನೆಯ ಶತಮಾನದ ರನ್ನನಿದ್ದಾನೆ, ಕುಮಾರವ್ಯಾಸ, ಲಕ್ಷ್ಮೀಶರಿದ್ದಾರೆ, ಬೇಂದ್ರೆ, ಕುವೆಂಪು, ಪುತಿನ ಇದ್ದಾರೆ. ಸಾವಿರ ವರ್ಷಗಳ ಸಾಹಿತ್ಯವನ್ನು ಹದಿನಾರರ ಹುಡುಗ ಹುಡುಗಿಯರ ಮುಂದೆ ಇಟ್ಟು ಉತ್ತರ ಬರೆಯಿರಿ ಎನ್ನುವ ಪರೀಕ್ಷೆ ಇದು. ಬಹುಪಾಲು ಮಕ್ಕಳ ಬಾಳಿನಲ್ಲಿ ಇಷ್ಟು ಗಂಭೀರವಾದ ಸಾಹಿತ್ಯ ಪರೀಕ್ಷೆ ಮತ್ತೊಂದು ಬರುವುದಿಲ್ಲ. ಬಹುಕಾಲದಿಂದ ಉಳಿದ ವಿಷಯಗಳಿಗೆ 100 ಅಂಕವಿದ್ದರೆ ಪ್ರಥಮ ಭಾಷೆಗೆ 125 ಇಟ್ಟದ್ದೂ ಸುಮ್ಮನೆ ಅಲ್ಲ. ಈ ಪರೀಕ್ಷೆಗೆ ಬೇಕಾದ ತಯಾರಿ ಎಂಟನೆಯ ತರಗತಿಯಿಂದಲೇ ರೂಢಿಸಿಕೊಳ್ಳಬೇಕಾದ ಎರಡು ಅಭ್ಯಾಸ: ಪದ್ಯವನ್ನು ಗಟ್ಟಿಯಾಗಿ ಓದುವುದು, ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ ಬರೆಯುವುದು.

ಗೈಡ್ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ 'ಕೌರವೇಂದ್ರನ ಕೊಂದೆ ನೀನು' ಪಾಠವನ್ನೇ ನೋಡೋಣ. ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳಿ, ರಾಜ್ಯವನ್ನೂ ಕೊಡಿಸುತ್ತೇನೆ ಎನ್ನುತ್ತಾನೆ. ಆಗ ಕರ್ಣ, ಕೌರವನನ್ನು ನೀನು ಕೊಂದೆ ಎನ್ನುತ್ತಾನೆ. ಇದರ ಸ್ವಾರಸ್ಯ ಬರೆಯಿರಿ ಎಂದರೆ ಸಾರಾಂಶ ಉರು ಹೊಡೆದವರು 'ಇಲ್ಲಿ ಕರ್ಣನ ಸ್ವಾಮಿನಿಷ್ಠೆ ವ್ಯಕ್ತವಾಗಿದೆ' ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ತಪ್ಪಿಲ್ಲ, ಆದರೆ ಸ್ವಾರಸ್ಯವೂ ಅಲ್ಲ. ಯುದ್ಧ ಇನ್ನೂ ಆರಂಭವೇ ಆಗಿಲ್ಲ, ದುರ್ಯೋಧನ ಜೀವಂತ ಇದ್ದಾನೆ. ಹಾಗಿದ್ದೂ ಕೊಂದೆ ಎನ್ನುವುದೇಕೆ? ಪಾಂಡವರು ತನ್ನ ತಮ್ಮಂದಿರು ಎಂದು ತಿಳಿದ ಮೇಲೆ ಅವರ ಮೇಲೆ ಕೈ ಏಳುವುದಿಲ್ಲ. ತನ್ನ ಕೈ ಏಳದಿದ್ದರೆ ತನ್ನನ್ನೇ ನಂಬಿದ ದೊರೆಗೆ ಉಳಿಗಾಲವಿಲ್ಲ. ಕೃಷ್ಣ ಆಯುಧ ಹಿಡಿಯದೆ ಒಂದೇ ಸುದ್ದಿಯಿಂದ ಆ ಸಾವನ್ನು ನಿಶ್ಚಯ ಮಾಡಿಬಿಟ್ಟ. ಈ ಮಾತು ಹೊಳೆಯಬೇಕಾದರೆ ಹುಡುಗಿ ಆ ಪದ್ಯದ ಎದುರು ಕೂತು 'ಯಾಕೆ ಹೀಗಂದ?' ಎಂದು ಒಮ್ಮೆಯಾದರೂ ಕೇಳಿಕೊಂಡಿರಬೇಕು. ಗೈಡಿನಲ್ಲಿ ಉತ್ತರ ಮೊದಲೇ ಸಿಗುವುದರಿಂದ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ನೆನಪಿನ ಲೆಕ್ಕದಲ್ಲೂ ಉರು ಹೊಡೆಯುವುದು ನಷ್ಟದ ಬಾಬತ್ತೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಓದಿದ ಮೇಲೆ ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗ ನೋಡದೆ ಬರೆದವರು ಅವರನ್ನು ಹಿಂದೆ ಹಾಕಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ತಿರುವಿಹಾಕಿದ ಹುಡುಗನಿಗೆ ಎಲ್ಲ ಬಂತು ಅನ್ನಿಸುವುದು ಆ ಐದು ನಿಮಿಷದ ಭ್ರಮೆ. ದಿನಕ್ಕೆ ಹತ್ತು ಸಾಲು ಸಾಕು, ಆದರೆ ಪುಸ್ತಕ ಮುಚ್ಚಿರಬೇಕು, ವಾಕ್ಯ ತನ್ನದಾಗಿರಬೇಕು.

ಹಾಗಾದರೆ ಬಾಯಿಪಾಠವೇ ಬೇಡವೇ ಎಂದು ಕೇಳಬಹುದು. ಬೇಕು, ಪದ್ಯದ್ದು ಬೇಕೇ ಬೇಕು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಸಣ್ಣ ಸಾಲುಗಳಲ್ಲಿ ಮೂರು–ನಾಲ್ಕು, ಮೂರು–ನಾಲ್ಕು ಎಂದು 14 ಮಾತ್ರೆ. ಮೂರನೆಯ, ಆರನೆಯ ಸಾಲುಗಳಲ್ಲಿ ಅದೇ ನಡಿಗೆ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಗಟ್ಟಿಯಾಗಿ ಓದಿ ರೂಢಿಯಾದ ಮಕ್ಕಳ ಕಿವಿಗೆ ಇದು ಮೊದಲೇ ಗೊತ್ತು. ಪ್ರಸ್ತಾರ ಹಾಕುವಾಗ ಮಾತ್ರೆ ತಪ್ಪಿದರೆ ನಾಲಿಗೆಯೇ ತಡೆಯುತ್ತದೆ. ಹಳಗನ್ನಡವೂ ಅಷ್ಟೆ. ಕಣ್ಣಿಗೆ ಗೋಜಲಾಗಿ ಕಾಣುವ ಸಾಲನ್ನು ಮಾಸ್ತರು ನಾಲ್ಕು ಸಲ ಬಿಡಿಸಿ ಓದಿ, ಮಕ್ಕಳಿಂದಲೂ ಓದಿಸಿದರೆ ಅರ್ಧ ಅರ್ಥ ತಾನಾಗಿ ಬರುತ್ತದೆ.

ನಮ್ಮ ಆಡುಮಾತಿಗೆ ಈ ಭಾಷೆ ದೂರ, ಬೆಂಗಳೂರು–ಮೈಸೂರಿನ ಮಕ್ಕಳಿಗೆ ಸುಲಭ ಎಂಬ ತಕರಾರೂ ಇದೆ. ಇದನ್ನು ನಾನು ಒಪ್ಪುವುದಿಲ್ಲ. 'ಕವಿರಾಜಮಾರ್ಗ' ಕನ್ನಡದ ತಿರುಳು ಎಂದು ಗುರುತಿಸಿದ ನಾಡಿನ ಮೂಲೆಗಳಲ್ಲಿ ಒಕ್ಕುಂದ ಒಂದು, ಅದು ಬೈಲಹೊಂಗಲ ತಾಲ್ಲೂಕಿನಲ್ಲಿದೆ. ಕಿಸುವೊಳಲು ಇನ್ನೊಂದು, ಅದು ಇಂದಿನ ಪಟ್ಟದಕಲ್ಲು. ಎರಡೂ ಮಲಪ್ರಭೆಯ ದಂಡೆಯ ಊರುಗಳು. ರನ್ನ ಮುಧೋಳದವನು. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ಸಿಡಿದೆದ್ದ ಬೇಡರ ಹಲಗಲಿ ಅದೇ ಮುಧೋಳ ತಾಲ್ಲೂಕಿನದು. ಪುತಿನರ 'ಶಬರಿ' ಓದುವ ಮಕ್ಕಳಿಗೆ ಸುರೇಬಾನದ ಶಬರಿಕೊಳ್ಳ ಎಷ್ಟು ದೂರ? ಹಲಗಲಿಯ ಬೇಡರ ಲಾವಣಿಯನ್ನು ಪಾಠದಂತೆ ಒಪ್ಪಿಸುವ ಬದಲು ಊರಿನ ಗೀಗೀ ಮೇಳದವರನ್ನು ಒಂದು ಮಧ್ಯಾಹ್ನ ಸಾಲಿಗೆ ಕರೆಸಿ ದಪ್ಪು, ತುಂತುಣಿಯೊಂದಿಗೆ ಹಾಡಿಸಿದರೆ, ಆ ಪ್ರಾಸ, ಆ ಏರಿಳಿತ ಯಾವ ಟಿಪ್ಪಣಿಯೂ ಇಲ್ಲದೆ ಮಕ್ಕಳಿಗೆ ದಕ್ಕುತ್ತದೆ.

ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ: ಸಾಲಿ ಬಿಟ್ಟೊಡನೆ ಹೊಲಕ್ಕೆ, ದನಕ್ಕೆ, ತಮ್ಮ ತಂಗಿಯರ ಆರೈಕೆಗೆ ಓಡುವ ಮಕ್ಕಳಿಗೆ ಪಾಸಾದರೆ ಸಾಕಾಗಿದೆ, ಅಂಥವರಿಗೆ ಗೈಡೇ ಆಸರೆ. ಈ ಕಷ್ಟ ನಿಜ, ಇದನ್ನು ಹಗುರ ಮಾಡಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಅಭ್ಯಾಸ ಹೆಚ್ಚು ಬೇಕಾದದ್ದು ಇವರಿಗೇ. ಗಟ್ಟಿ ಓದಿಗೆ ಟ್ಯೂಷನ್ ದುಡ್ಡು ಬೇಡ, ದನ ಮೇಯಿಸುತ್ತಲೂ ಷಟ್ಪದಿ ಹೇಳಬಹುದು. ಉರು ಹೊಡೆದ ಉತ್ತರದಲ್ಲಿ ಒಂದು ವಾಕ್ಯ ಮರೆತರೆ ಮುಂದಿನದೆಲ್ಲ ಕೈಬಿಡುತ್ತದೆ. ಕತೆ ತಿಳಿದು ಬರೆಯುವವರು ಒಂದು ಅಂಶ ಬಿಟ್ಟರೂ ಉಳಿದುದನ್ನು ಬರೆದು ಬರುತ್ತಾರೆ. ಸ್ವಂತ ವಾಕ್ಯಕ್ಕೆ ಅಂಕ ಸಿಗುವುದಿಲ್ಲ ಎಂಬ ಭಯವೂ ಬೇಡ. ಮಾದರಿ ಉತ್ತರ ಹಿಡಿದು ಮೌಲ್ಯಮಾಪಕರು ಹುಡುಕುವುದು ಅಂಶಗಳನ್ನು. ಅಪಠಿತ ಗದ್ಯ, ಪತ್ರ, ಪ್ರಬಂಧಗಳಿಗಂತೂ ಯಾವ ಗೈಡೂ ಪೂರ್ತಿ ಒದಗುವುದಿಲ್ಲ, ಅಲ್ಲಿ ಮೂರು ವರ್ಷ ದಿನಾ ಹತ್ತು ಸಾಲು ಬರೆದ ಕೈಯೇ ನಡೆಯಬೇಕು. ಹಾಗೆ ಪಳಗಿದ ಮಕ್ಕಳಿಗೆ ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳಿವೆ. ಪಿಯುಸಿಗೆ ವಿಜ್ಞಾನ ಹಿಡಿದವರೂ, ಓದು ನಿಲ್ಲಿಸಿ ಹೊಲಕ್ಕೆ ಮರಳಿದವರೂ ಆ ಪರೀಕ್ಷೆಗಳಿಗೆ ಕಟ್ಟಬಹುದು.