ಯಾವ ಬಗ್‌ಗಾಗಿ ರಿಲೀಸ್ ನಿಲ್ಲಬೇಕು?

ನವೀನ್: ಶಾರದಾ ಮೇಡಂ, ಪಟ್ಟಿಯಲ್ಲಿ ಇನ್ನೂ ಎಪ್ಪತ್ತು ಬಗ್ ಇವೆ. ಶುಕ್ರವಾರ ರಿಲೀಸ್. ಎಲ್ಲ ಸರಿಹೋಗಲಿ ಅಂತ ಕಾದರೆ ಯಾವ ಸಾಫ್ಟ್‌ವೇರೂ ಹೊರಗೆ ಬರೋದಿಲ್ಲ.

ಶಾರದಾ: ಎಪ್ಪತ್ತಕ್ಕೂ ಕಾಯಬೇಕಿಲ್ಲ. ಸೇವ್ ಆಗುವಾಗ ನೆಟ್ ಹೋದರೆ ಹಳೆಯ ಲೆಕ್ಕವೂ ಅಳಿಸಿಹೋಗುತ್ತಲ್ಲ, ಆ ಒಂದಕ್ಕೆ ಕಾಯಬೇಕು.

ನವೀನ್: ಅದು ಟೆಸ್ಟಿಂಗ್‌ನಲ್ಲಿ ಕಂಡದ್ದು ಎರಡೇ ಸಲ. ಬಟನ್ ಮೇಲಿನ ಅಕ್ಷರ ಅರ್ಧ ಕಾಣುತ್ತೆ ಅಂತ ಎಷ್ಟೋ ಜನ ದೂರಿದ್ದಾರೆ. ಹೆಚ್ಚು ಜನರ ತೊಂದರೆಯನ್ನ ಮೊದಲು ನೋಡೋದು ನ್ಯಾಯ ಅಲ್ಲವಾ?

ಶಾರದಾ: 2018ರ ವಿಂಡೋಸ್ 10 ಅಪ್‌ಡೇಟ್, ಆವೃತ್ತಿ 1809, ನೆನಪಿದೆಯಾ? ಅಕ್ಟೋಬರ್ 2ಕ್ಕೆ ಬಿಟ್ಟರು, ನಾಲ್ಕೇ ದಿನದಲ್ಲಿ ನಿಲ್ಲಿಸಿದರು. ಕೆಲವರು ಡಾಕ್ಯುಮೆಂಟ್ಸ್ ಫೋಲ್ಡರನ್ನ ಬೇರೆ ಡ್ರೈವ್‌ಗೆ ಬದಲಿಸಿಕೊಂಡಿದ್ದರು, ಹಳೆಯ ಜಾಗದಲ್ಲೂ ಫೈಲ್‌ಗಳು ಉಳಿದಿದ್ದವು. ಖಾಲಿ ಫೋಲ್ಡರ್ ಎರಡೆರಡು ಇರೋದು ಬೇಡ ಅಂತ ಬರೆದ ಕೋಡ್, ಆ ಹಳೆಯ ಫೋಲ್ಡರನ್ನ ಒಳಗಿದ್ದ ಫೈಲ್‌ಗಳ ಸಮೇತ ಅಳಿಸಿಬಿಡ್ತು.

ನವೀನ್: ಎಷ್ಟು ಜನಕ್ಕೆ ಹಾಗಾಯ್ತು?

ಶಾರದಾ: ಮೈಕ್ರೋಸಾಫ್ಟ್ ಹೇಳಿದ ಪ್ರಕಾರ ದೂರು ಬಂದದ್ದು ಹತ್ತು ಸಾವಿರ ಇನ್‌ಸ್ಟಾಲ್‌ಗೆ ಒಂದರಂತೆ. ಪರೀಕ್ಷಾ ಆವೃತ್ತಿ ಬಳಸುತ್ತಿದ್ದ ಕೆಲವರು ಮೊದಲೇ ತಿಳಿಸಿದ್ದರು. ಆ ದೂರಿಗೆ ಹೆಚ್ಚು ಓಟು ಬೀಳಲಿಲ್ಲ, ರಾಶಿಯಲ್ಲಿ ಮುಳುಗಿಹೋಯ್ತು. ಆಮೇಲೆ ಇಂಥ ದೂರು ಕೊಡೋ ಫೀಡ್‌ಬ್ಯಾಕ್ ಹಬ್‌ನಲ್ಲಿ, ತೊಂದರೆ ಎಷ್ಟು ಗಂಭೀರ ಅಂತ ದೂರುವವರೇ ಗುರುತಿಸೋ ವ್ಯವಸ್ಥೆ ತಂದರು. ಎಷ್ಟು ಜನ ದೂರಿದರು ಅನ್ನೋದರಿಂದ ನಷ್ಟ ಎಂಥದ್ದು ಅಂತ ಗೊತ್ತಾಗೋದಿಲ್ಲ ನವೀನ್.

ನವೀನ್: ಹಾಗಂತ ತಡ ಮಾಡೋದೇನು ಪುಕ್ಕಟೆಯಾ? ಡೆಬಿಯನ್ ಲಿನಕ್ಸ್ 3.0 ಬಂದದ್ದು 2002ರ ಜುಲೈನಲ್ಲಿ, 3.1 ಬಂದದ್ದು 2005ರ ಜೂನ್‌ನಲ್ಲಿ. ಅಷ್ಟು ದಿನ ಜನ ಹಳೆಯದರಲ್ಲೇ ಇದ್ದರು. ನಮ್ಮ ರಿಲೀಸ್‌ನಲ್ಲಿ ಒಂದು ಸೆಕ್ಯುರಿಟಿ ಫಿಕ್ಸೂ ಇದೆ. ಅದನ್ನ ತಡೆದು ಆಗೋ ಹಾನಿಗೆ ಹೊಣೆ ಯಾರು?

ಶಾರದಾ: ಒಪ್ಪಿದೆ. ಅದೇ ಡೆಬಿಯನ್‌ನವರ ಕ್ರಮ ನೋಡಿ. ಕ್ರಿಟಿಕಲ್, ಗ್ರೇವ್, ಸೀರಿಯಸ್, ಈ ಮೂರು ದರ್ಜೆಯ ಬಗ್‌ಗಳನ್ನ ಮಾತ್ರ ರಿಲೀಸ್‌ಗೆ ಅಡ್ಡಿ ಅಂತ ಲೆಕ್ಕ ಹಾಕ್ತಾರೆ. ಇಂಪಾರ್ಟೆಂಟ್ ಅಂತ ಬರೆದದ್ದೂ ಅಡ್ಡಿಯಲ್ಲ! ಅಡ್ಡಿಯಾಗೋ ಬಗ್ ಇರೋ ಪ್ಯಾಕೇಜ್ ಸರಿಹೋಗದಿದ್ದರೆ ಎಷ್ಟೋ ಸಲ ಅದೊಂದನ್ನೇ ಬಿಟ್ಟು ಮುಂದೆ ಹೋಗ್ತಾರೆ.

ನವೀನ್: ನಾವು ಸೇವ್ ಮಾಡೋದನ್ನೇ ಬಿಟ್ಟು ಹೋಗೋಕೆ ಆಗುತ್ತಾ? ಜೊತೆಗೆ, ದರ್ಜೆ ಕೊಡೋರೂ ಮನುಷ್ಯರೇ. ತಾರೀಕು ಹತ್ತಿರ ಬಂದ ಹಾಗೆ ಸೀರಿಯಸ್ ಆಗಿದ್ದದ್ದು ಮೈನರ್ ಆಗಿಬಿಡುತ್ತೆ.

ಶಾರದಾ: ನನಗಿರೋ ಭಯವೂ ಅದೇ. ಅದಕ್ಕೇ ತಡೆಯುವ ನಿಯಮವನ್ನ ತಾರೀಕು ಗೊತ್ತಾಗೋ ಮೊದಲೇ ಬರೆದಿಡಬೇಕು. ನನ್ನ ನಿಯಮ ಇಷ್ಟೇ: ಮುಂದಿನ ವಾರ ಫಿಕ್ಸ್ ಕೊಟ್ಟರೆ ಬಳಸೋರಿಗೆ ಹೋದದ್ದು ವಾಪಸ್ ಸಿಗುತ್ತಾ? ಬಟನ್ ಸರಿಹೋಗುತ್ತೆ. ಅಳಿಸಿಹೋದ ಲೆಕ್ಕ ಬರೋಲ್ಲ.

ನವೀನ್: ಕದ್ದುಹೋದ ಮಾಹಿತಿಯೂ ವಾಪಸ್ ಬರೋಲ್ಲ ಮೇಡಂ. ಎರಡು ಕಡೆಯೂ ಅಂಥದೇ ನಷ್ಟ ಇದ್ದರೆ?

ಶಾರದಾ: ಎರಡನ್ನೂ ಒಂದೇ ಗಾಡಿಗೆ ಹೇರಿದ್ದೇ ತಪ್ಪು. ಸೆಕ್ಯುರಿಟಿ ಫಿಕ್ಸನ್ನ ಹಳೆಯ ಆವೃತ್ತಿಗೆ ಹಾಕೋಕಾಗುತ್ತಾ? ಆಗದಿದ್ದರೆ ನನ್ನ ಹತ್ತಿರವೂ ಸುಲಭದ ಉತ್ತರ ಇಲ್ಲ.

ನವೀನ್: ಆಗುತ್ತೆ, ಒಂದು ದಿನದ ಕೆಲಸ. ಹಾಗಾದರೆ ಅದನ್ನ ನಾಳೆಯೇ ಬಿಡ್ತೀನಿ. ಬಟನ್ ವಿಷಯ ರಿಲೀಸ್ ನೋಟ್ಸ್‌ನಲ್ಲಿ ಬರೀತೀನಿ. ಸೇವ್ ಸರಿಹೋಗೋ ತನಕ ಹೊಸ ಆವೃತ್ತಿ ಇಲ್ಲ, ಶುಕ್ರವಾರವಂತೂ ಇಲ್ಲ.