ಇಂದಿನ ಚಿಂತನೆ: ತಂಗಳು ಯಾರ ತಟ್ಟೆಗೆ?



ಕಳೆದ ಭಾನುವಾರ ಓದು ಮುಗಿದ ಮೇಲೆ ಹಿರೇಕೆರೂರಿನ ಅಕ್ಕ ಒಬ್ಬರು ಒಂದು ಪ್ರಶ್ನೆ ಎತ್ತಿದರು. "ಧಮ್ಮ ಸ್ವೀಕರಿಸಿದ ಮನಿಯೊಳಗ ತಂಗಳು ತಿನ್ನಬೇಕೇನ್ರಿ? ಅದನ್ನ ಬಿಡಾಕಂತನ ಅಲ್ಲೇನು ನಮ್ಮ ಹಿರಿಯರು ಹೋರಾಡಿದ್ದು?" ಕೆಲವರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ನನ್ನ ಮನೆಯಲ್ಲಿ ಇದು ದಿನಾ ಸಂಜೆ ಏಳುವ ಪ್ರಶ್ನೆ.

ಶಾಲೆ ಬಿಟ್ಟು ಬಸ್ಸು ಹಿಡಿದು ಹಾನಗಲ್ಲಿಗೆ ಬರುವಷ್ಟರಲ್ಲಿ ಆರು ದಾಟಿರುತ್ತದೆ. ಮಕ್ಕಳಿಗೆ ಹಸಿವು, ಪುಟ್ಟಿಯಲ್ಲಿ ಬೆಳಗಿನ ನಾಲ್ಕೈದು ರೊಟ್ಟಿ. ಆಗ ನಾನು ಸಂತೆಯ ಬದಲು ಹಿತ್ತಲಿಗೆ ಹೋಗುತ್ತೇನೆ. ಮೆಂತ್ಯ ಇದ್ದರೆ ಮೆಂತ್ಯ, ಇಲ್ಲದಿದ್ದರೆ ರಾಜಗಿರಿ, ಅದೂ ಇಲ್ಲದಿದ್ದರೆ ನುಗ್ಗೆಸೊಪ್ಪು. ರೊಟ್ಟಿ ಮುರಿದು, ನೀರು ಚಿಮುಕಿಸಿ ಮೆತ್ತಗೆ ಮಾಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಸೊಪ್ಪು ಹಾಕಿ ಒಗ್ಗರಣೆ ಕೊಟ್ಟರೆ ಇಪ್ಪತ್ತು ನಿಮಿಷದಲ್ಲಿ ಊಟ. ಮೇಲೆ ಶೇಂಗಾ ಹಿಂಡಿ, ಪಕ್ಕಕ್ಕೆ ಮಜ್ಜಿಗೆ. (ಮೆಂತ್ಯ ಒಂದೇ ಸಲ ಬಿತ್ತಬೇಡಿ. ಹತ್ತು ದಿನಕ್ಕೊಮ್ಮೆ ಒಂದೊಂದು ಹಿಡಿ ಚೆಲ್ಲಿದರೆ ತಿಂಗಳೊಳಗೆ ಕೊಯ್ಲು ಶುರುವಾಗಿ ಸಾಲಾಗಿ ಬರುತ್ತದೆ. ಬೇಸಿಗೆಯಲ್ಲಿ ದಿನವಿಡೀ ಹೊರಗಿದ್ದ ಅನ್ನವನ್ನು ಮಾತ್ರ ಬಿಸಿ ಮಾಡಿಯೂ ತಿನ್ನಬೇಡಿ.)

ಮಕ್ಕಳು ಚಪ್ಪರಿಸಿಕೊಂಡು ತಿನ್ನುತ್ತಾರೆ. ನಮ್ಮ ಅತ್ತೆ ಮುಟ್ಟುವುದಿಲ್ಲ. ಶಿಗ್ಗಾವಿ ಕಡೆಯ ಒಂದು ಹಳ್ಳಿಯಲ್ಲಿ ಹುಡುಗಿಯಾಗಿದ್ದಾಗ ಅವರು ಹಬ್ಬದ ಮರುದಿನ ದೊಡ್ಡಮನೆಯ ಹಿತ್ತಲ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತವರು. ಮೇಲಿನಿಂದ ಸುರಿಯುತ್ತಿದ್ದರಂತೆ, ಬಟ್ಟಲಿಗೆ ಕೈ ತಾಗಬಾರದೆಂದು. ಕನ್ನಡದಲ್ಲಿ ಎಂಜಲು ಬೇರೆ, ತಂಗಳು ಬೇರೆ. ಒಂದು ಬಾಯಿ ಮುಟ್ಟಿದ್ದು, ಇನ್ನೊಂದು ರಾತ್ರಿ ಕಳೆದದ್ದು. ತರಗತಿಯಲ್ಲಿ ಹೀಗೆ ವ್ಯತ್ಯಾಸ ಹೇಳಿಕೊಡಬಹುದು. ಅತ್ತೆಯ ಬಟ್ಟಲಲ್ಲಿ ಎರಡೂ ಒಟ್ಟಿಗೇ ಬೀಳುತ್ತಿದ್ದವು.

ಇದು ಬರೀ ಊರ ರೂಢಿಯಾಗಿರಲಿಲ್ಲ. ಉಳಿದ ಅನ್ನ, ಹಳೆಯ ಬಟ್ಟೆ ಶೂದ್ರನಿಗೆ ಎಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯವೇ ವಿಧಿಸುತ್ತದೆ. ಆ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು ನಮಗೆಲ್ಲ ಗೊತ್ತು. ಅದೇ ವರ್ಷದ ಮಾರ್ಚಿನಲ್ಲಿ, ಚವದಾರ್ ಕೆರೆಯ ನೀರು ಮುಟ್ಟುವ ಮುನ್ನ ನಡೆದ ಪರಿಷತ್ತಿನಲ್ಲಿ ಬಾಬಾಸಾಹೇಬರು ಹೇಳಿದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸತ್ತ ದನದ ಮಾಂಸ ಬಿಡಿ, ಬಿಸಾಕಿದ ತುಣುಕು ಬಿಡಿ ಎಂದರು. ಜೊತೆಗೇ, ಭೂಮಿ ಹಿಡಿದು ಬೇಸಾಯ ಮಾಡಿ ಎಂದರು. ಬೇರೆಯವರ ಅಂಗಳದ ಅನ್ನ ಬಿಡು ಎನ್ನುವಾಗಲೇ ನಿನ್ನ ಕಾಲ ಕೆಳಗೆ ಮಣ್ಣಿರಲಿ ಎಂದೂ ಹೇಳಿದರು.

ಇಲ್ಲಿ ಒಂದು ತಕರಾರು ಬರುತ್ತದೆ. ತಥಾಗತರೂ ಪಾತ್ರೆ ಹಿಡಿದು ಮನೆ ಮನೆಗೆ ಹೋದವರೇ ಅಲ್ಲವೇ? ಕೊಟ್ಟದ್ದನ್ನು ಉಂಡವರೇ ಅಲ್ಲವೇ? ನಾನು ಇದನ್ನು ಬಹಳ ಯೋಚಿಸಿದೆ. ವಿನಯಪಿಟಕದಲ್ಲಿ ವಡ್ಢ ಎಂಬ ಲಿಚ್ಛವಿಯ ಪ್ರಸಂಗವಿದೆ. ಅವನು ದಬ್ಬ ಮಲ್ಲಪುತ್ತರೆಂಬ ಭಿಕ್ಷುವಿನ ಮೇಲೆ ಸುಳ್ಳು ಆರೋಪ ಹೊರಿಸಿದಾಗ ಸಂಘವು ಅವನ ಪಾಲಿಗೆ ಪಾತ್ರೆಯನ್ನು ಬೋರಲು ಹಾಕಿತು. ಅಂದರೆ ಅವನ ಮನೆಯ ಅನ್ನ ನಮಗೆ ಬೇಡ. ಅವನು ತಪ್ಪೊಪ್ಪಿದ ಮೇಲೆಯೇ ಪಾತ್ರೆ ಮತ್ತೆ ನೆಟ್ಟಗಾದದ್ದು. ಭಿಕ್ಷುವಿನ ಪಾತ್ರೆಗೂ ಅತ್ತೆಯ ಬಟ್ಟಲಿಗೂ ವ್ಯತ್ಯಾಸ ಇದೇ. ಒಂದನ್ನು ಬೋರಲು ಹಾಕಬಹುದಿತ್ತು, ಇನ್ನೊಂದನ್ನು ಹಾಕಿದರೆ ಮನೆಯಲ್ಲಿ ಮಕ್ಕಳು ಉಪವಾಸ, ಮರುದಿನ ಕೂಲಿಯೂ ಇಲ್ಲ. ಬೇಡ ಎನ್ನುವ ಹಕ್ಕಿಲ್ಲದ ಕಡೆ ಬಿಸಿ ಅನ್ನವೂ ತಂಗಳೇ.

ಹಾಗಾದರೆ ನಾನೇ ಬಡಿದ, ನನ್ನದೇ ಪುಟ್ಟಿಯ ರೊಟ್ಟಿಯಲ್ಲಿ ಅವಮಾನವಿಲ್ಲ ಎಂದು ಮುಗಿಸಿಬಿಡಬಹುದಿತ್ತು. ಆದರೆ ಅಷ್ಟು ಸಲೀಸಲ್ಲ. ನಮ್ಮ ಮನೆಗಳ ಒಳಗೇ ನೋಡಿ. ಬಿಸಿ ರೊಟ್ಟಿ ಗಂಡಸರಿಗೆ, ಆಮೇಲೆ ಮಕ್ಕಳಿಗೆ. ಉಳಿದದ್ದು, ಸೀದದ್ದು, ನಿನ್ನೆಯದ್ದು ಒಲೆಯ ಮುಂದೆ ಕೂತವಳಿಗೆ. ಬುದ್ಧರ ಫೋಟೋ, ಬಾಬಾಸಾಹೇಬರ ಫೋಟೋ ಗೋಡೆಯ ಮೇಲಿವೆ, ಅವುಗಳ ಕೆಳಗೇ ಹಿತ್ತಲ ಬಾಗಿಲು ಒಂದು ಇನ್ನೂ ತೆರೆದಿದೆ. ಆಳವಿಯಲ್ಲಿ ಕಳೆದುಹೋದ ಎತ್ತು ಹುಡುಕಿ ಹಸಿದು ಬಂದ ರೈತನಿಗೆ ಮೊದಲು ಊಟ ಹಾಕಿಸಿ, ಅವನು ಉಂಡಾದ ಮೇಲೆಯೇ ತಥಾಗತರು ಧಮ್ಮ ಹೇಳಿದರೆಂಬ ಕಥೆ ನಾವು ಓದಿದ್ದೇವೆ. ಅಡುಗೆ ಮಾಡಿದವಳ ಹಸಿವನ್ನು ಹಾಗೆ ಕಾದು ನೋಡಿದ ಮನೆಗಳು ಎಷ್ಟಿವೆ?

ಆದ್ದರಿಂದ ನಮ್ಮಲ್ಲಿ ಒಂದು ಕಟ್ಟಳೆ. ಉಳಿದದ್ದನ್ನು ನಡುವೆ ಇಡುವುದು, ಎಲ್ಲರ ತಟ್ಟೆಗೂ ಸಮ ಪಾಲು, ಯಜಮಾನರ ತಟ್ಟೆಗೆ ಮೊದಲು. ಆರಂಭದಲ್ಲಿ ಅವರು ಮುಖ ಗಂಟು ಹಾಕಿದರು. ಈಗ ಉಳಿಯುವ ರೊಟ್ಟಿಯೇ ಕಡಿಮೆಯಾಗಿದೆ. ಕಾರಣ ನೀವೇ ಊಹಿಸಿ.

ಇನ್ನು ಹಿತ್ತಲು. ನಾಲ್ಕು ಮಡಿ ಸೊಪ್ಪು ಬೆಳೆಯಲು ಜಾಣತನ ಬೇಡ, ಜಾಗ ಬೇಕು, ನೀರು ಬೇಕು. ಸವಣೂರು ಎಲೆಬಳ್ಳಿಗೆ ಹೆಸರಾದ ಊರು. ಅದೇ ಊರಲ್ಲಿ 2010ರ ಜುಲೈನಲ್ಲಿ, ತಲೆತಲಾಂತರದಿಂದ ಮಲ ಹೊತ್ತ ಭಂಗಿ ಕುಟುಂಬದವರು, ತಾವಿದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ಕೈತೋಟ ಮಾಡಿ, ಆರೋಗ್ಯ ಕಾಪಾಡಿ ಎಂದು ಶಾಲೆಯಲ್ಲಿ ಪಾಠ ಹೇಳುವಾಗ ನನಗೆ ಆ ಚಿತ್ರ ನೆನಪಾಗುತ್ತದೆ. ನಾಳೆ ಯಾರಾದರೂ ಎಬ್ಬಿಸಿಯಾರು ಎನ್ನುವ ನೆಲದಲ್ಲಿ ಯಾರು ನುಗ್ಗೆ ನೆಡುತ್ತಾರೆ?

ಅತ್ತೆ ಇಂದಿಗೂ ಆ ಒಗ್ಗರಣೆ ತಿನ್ನುವುದಿಲ್ಲ. ನನ್ನ ವಾದವನ್ನೆಲ್ಲ ಕೇಳಿ, "ನಿಂದು ಖರೇ ಇರಬಹುದವ್ವಾ, ನನಗ ಬ್ಯಾಡ" ಎಂದರು. ಅವರ ಬಟ್ಟಲು ಬೋರಲಾಗಿದೆ, ನೆಟ್ಟಗೆ ಮಾಡು ಎನ್ನಲು ನಾನ್ಯಾರು? ಅವರಿಗೆ ಒಂದು ಬಿಸಿ ರೊಟ್ಟಿ ಬೇರೆ ಆಗುತ್ತದೆ. ಹೆಚ್ಚಾಗಿ ಅದನ್ನು ಮಗ ಬಡಿಯುತ್ತಾನೆ. ಅಂಚು ಇನ್ನೂ ಒಡೆಯುತ್ತದೆ. ಅವರು ಒಡೆದ ಅಂಚನ್ನೇ ಮೊದಲು ಮುರಿದು ಬಾಯಿಗಿಡುತ್ತಾರೆ.

ಮೆಂತ್ಯ ಬೀಜ, ನುಗ್ಗೆ ಕಡ್ಡಿ ಬೇಕಾದವರು ತಿಳಿಸಿ. ಬರುವ ಭಾನುವಾರ ತರುತ್ತೇನೆ.

ಜೈ ಭೀಮ್.