ಮನೆಯೊಳಗೆ ಬಂದ ಧ್ವನಿ

ಇಳಕಲ್ಲಿನ ನೇಕಾರರ ಮನೆಗಳಲ್ಲಿ ಮಗ್ಗದ ಪಕ್ಕದ ಗೋಡೆಗೂಡಿನಲ್ಲಿ ಬಹುಕಾಲ ಒಂದು ಟ್ರಾನ್ಸಿಸ್ಟರ್ ಇರುತ್ತಿತ್ತು. ಕೈ ಲಾಳಿಯ ಮೇಲಿರುವಾಗ, ಕಾಲು ಮಗ್ಗದ ಕುಣಿಯಲ್ಲಿರುವಾಗ, ನೇಕಾರನಿಗೆ ಬಿಡುವಾಗಿ ಉಳಿಯುವುದು ಕಿವಿ ಒಂದೇ. ಆ ಕಿವಿಗೆ ಜೊತೆಯಾದದ್ದು ಧಾರವಾಡ ಆಕಾಶವಾಣಿ. 1950ರ ಜನವರಿ 8ರಂದು ಪ್ರಾರಂಭವಾದ ಆ ಕೇಂದ್ರದ ದನಿ ಬಾಗಲಕೋಟೆಯ ಅಂಗಡಿಸಾಲಿಗೂ, ಹುನಗುಂದದ ಎರೆಹೊಲಗಳಿಗೂ, ಬಾದಾಮಿಯ ಗುಡ್ಡದಡಿಯ ಹಳ್ಳಿಗಳಿಗೂ ಒಂದೇ ಸಮನೆ ಬರುತ್ತಿತ್ತು. ಮಳೆಯ ಮುನ್ಸೂಚನೆ, ಜೋಳದ ರೋಗಕ್ಕೆ ಔಷಧ, ಪೇಟೆಧಾರಣೆ, ಮುಂಜಾನೆಯ ಚಿಂತನ ಇವೆಲ್ಲ ಒಂದೇ ಗಂಟಲಿನಿಂದ ಬಂದಂತೆ ಮನೆಯವರಿಗೆ ತೋರುತ್ತಿತ್ತು. "ರೇಡಿಯೋದಾಗ ಹೇಳ್ಯಾರ" ಎಂದು ಯಾರಾದರೂ ಅಂದರೆ ಅಲ್ಲಿಗೆ ವಾದ ಮುಗಿಯುತ್ತಿತ್ತು. ತಮಿಳುನಾಡಿನ ತಂಜಾವೂರಿನಲ್ಲಿ 1960ರ ದಶಕದಲ್ಲಿ ಬಾನುಲಿ ಹೇಳಿದ ಹೊಸ ತಳಿಯ ಭತ್ತವನ್ನು ಬಿತ್ತಿದ ರೈತರು ಅದಕ್ಕೆ 'ರೇಡಿಯೋ ಭತ್ತ' ಎಂದೇ ಹೆಸರಿಟ್ಟರು. ಮುಖ ಕಾಣದ ಒಬ್ಬನ ಮಾತನ್ನು ನಂಬಿ ಒಂದು ವರ್ಷದ ಅನ್ನವನ್ನು ಪಣಕ್ಕಿಡುವುದು ಸಣ್ಣ ವಿಶ್ವಾಸವಲ್ಲ.

ಹೀಗೆ ಬೀಜ, ಮಳೆ, ಭಜನೆಗಳ ಮೂಲಕ ಗಳಿಸಿದ ವಿಶ್ವಾಸವನ್ನು ಆ ಧ್ವನಿಯು ಒಂದು ದಿನ ರಾಜಕೀಯಕ್ಕಾಗಿ ಬಳಸತೊಡಗಿದರೆ ಅದು ನ್ಯಾಯವೇ? ಬಳಸುವವನ ಹೊಣೆ ಎಷ್ಟು, ಕೇಳುವ ನಮ್ಮ ಹೊಣೆ ಎಷ್ಟು? ಈ ಬರಹದಲ್ಲಿ ನಾನು ಯೋಚಿಸಬಯಸುವುದು ಇಷ್ಟನ್ನೇ.

ನಮ್ಮ ದೇಶದಲ್ಲಿ ಈ ಅಪಾಯವನ್ನು ಕಾನೂನೇ ಬಹುಕಾಲ ತಡೆದಿತ್ತು. ಆಕಾಶವಾಣಿಯ ಪ್ರಸಾರ ಸಂಹಿತೆಯು ಯಾವುದೇ ಧರ್ಮ ಅಥವಾ ಸಮುದಾಯದ ಮೇಲಿನ ದಾಳಿಯನ್ನೂ, ರಾಜಕೀಯ ಪಕ್ಷವನ್ನು ಹೆಸರಿಸಿ ಹಳಿಯುವುದನ್ನೂ ನಿಷೇಧಿಸಿತ್ತು. ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪು ನೀಡಿತು. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಆರಂಭವಾದಾಗಲೂ ಅದಕ್ಕೆ ದೊರೆತದ್ದು ಹಾಡು, ಹರಟೆಗಳ ಪರವಾನಗಿ ಮಾತ್ರ. ಸುದ್ದಿಗೆ ಅವಕಾಶವಿರಲಿಲ್ಲ. 2011ರಲ್ಲಿ ಕೂಡ ಆಕಾಶವಾಣಿಯ ವಾರ್ತೆಗಳನ್ನು ಬದಲಾಯಿಸದೆ ಮರುಪ್ರಸಾರ ಮಾಡಲು ಮಾತ್ರ ಒಪ್ಪಿಗೆ ಸಿಕ್ಕಿತು. ಆದರೆ ಬಾನುಲಿಯ ಬಾಗಿಲು ಮುಚ್ಚಿದ್ದರೂ ನಿರೂಪಕನು ಬೇರೆ ಬಾಗಿಲಿನಿಂದ ಒಳಗೆ ಬಂದಿದ್ದಾನೆ. ಮಗ್ಗದ ಬಳಿ ಈಗ ಟ್ರಾನ್ಸಿಸ್ಟರ್ ಇದ್ದ ಜಾಗದಲ್ಲಿ ಮೊಬೈಲ್ ಇದೆ. ಅದರಲ್ಲಿ ಮಾತನಾಡುವವರು ಹಲವರು. ಸಿನಿಮಾ, ಅಡುಗೆ, ಭಕ್ತಿಯ ಮಾತುಗಳಿಂದ ಪ್ರಾರಂಭಿಸಿದವರು ಎಷ್ಟೋ ಮಂದಿ ಈಗ ಪ್ರತಿದಿನ ರಾಜಕೀಯವನ್ನೇ ಆಡುತ್ತಿದ್ದಾರೆ. ಮಗ್ಗದವನು ಅದನ್ನೂ ಬಾನುಲಿಯಂತೆಯೇ ಕೇಳುತ್ತಾನೆ, ನೋಡಲು ಅವನಿಗೆ ಬಿಡುವಿಲ್ಲ.

ಈ ಬದಲಾವಣೆ ಹೇಗೆ ಆಗುತ್ತದೆಂದು ತಿಳಿಯಲು ದೂರದ ಅಮೆರಿಕಕ್ಕೆ ಹೋಗಬೇಕಾಗುತ್ತದೆ. ಹಾಗೆ ಹೋಗಲು ಸಂಕೋಚವೂ ಆಗುತ್ತದೆ, ಏಕೆಂದರೆ ಆ ಕಥೆಯ ನಾಯಕನು ನಮ್ಮದೇ ಧರ್ಮಸಭೆಯ ಒಬ್ಬ ಗುರು. ಡೆಟ್ರಾಯಿಟ್ ನಗರದ ಬಳಿಯ ರಾಯಲ್ ಓಕ್‌ನಲ್ಲಿ ಕಿರುಪುಷ್ಪ ಸಂತ ತೆರೇಸಾಳ ಹೆಸರಿನ ಸಣ್ಣ ದೇವಾಲಯಕ್ಕೆ ಫಾದರ್ ಚಾರ್ಲ್ಸ್ ಕಾಗ್ಲಿನ್ ಧರ್ಮಗುರುವಾಗಿದ್ದರು. 1926ರಲ್ಲಿ ಅವರು ಬಾನುಲಿಯಲ್ಲಿ ಮಾತನಾಡಲು ಪ್ರಾರಂಭಿಸಿದ್ದು ಮಕ್ಕಳಿಗೆ ಧರ್ಮೋಪದೇಶ ಹೇಳುವುದಕ್ಕಾಗಿ. ಕಂಠ ಇಂಪಾಗಿತ್ತು, ಮಾತು ಸರಳವಾಗಿತ್ತು. 1929ರ ನಂತರ ಆರ್ಥಿಕ ಕುಸಿತ ಬಂತು. ಕಾರ್ಖಾನೆಗಳು ಮುಚ್ಚಿದವು, ಕೆಲಸ ಹೋಯಿತು, ಬ್ಯಾಂಕಿನಲ್ಲಿಟ್ಟ ಹಣ ಹೋಯಿತು. ಫಾದರ್ ಕಾಗ್ಲಿನ್ ಆ ಜನರ ನೋವನ್ನು ಕುರಿತು ಮಾತನಾಡತೊಡಗಿದರು. ಕಾರ್ಮಿಕರ ಹಕ್ಕನ್ನು ಎತ್ತಿಹಿಡಿದ 1891ರ ಜಗದ್ಗುರುಗಳ ವಿಶ್ವಪತ್ರವನ್ನು ಆಧಾರವಾಗಿಟ್ಟುಕೊಂಡರು. ಇದರಲ್ಲಿ ತಪ್ಪೇನಿದೆ? ನಾವು ಅಲ್ಲಿದ್ದಿದ್ದರೆ ನಾವೂ ಪ್ರತಿ ಭಾನುವಾರ ಕಾದು ಕುಳಿತು ಕೇಳುತ್ತಿದ್ದೆವು. ವಾರಕ್ಕೆ ಹತ್ತಾರು ಸಾವಿರ ಕಾಗದಗಳು ಬರುತ್ತಿದ್ದವು, ಅದರೊಡನೆ ಕಾಣಿಕೆಗಳೂ.

1931ರಲ್ಲಿ ಅವರ ಭಾಷಣವನ್ನು ಬಿತ್ತರಿಸುತ್ತಿದ್ದ ದೊಡ್ಡ ಬಾನುಲಿ ಸಂಸ್ಥೆಯು ಮಾತಿನ ಪ್ರತಿಯನ್ನು ಮೊದಲೇ ತೋರಿಸಬೇಕೆಂದು ಕೇಳಿತು. ಅವರು ಒಪ್ಪಲಿಲ್ಲ, ಬೇರೆ ಬೇರೆ ಕೇಂದ್ರಗಳಿಂದ ಸಮಯ ಕೊಂಡು ತಮ್ಮದೇ ಜಾಲ ಕಟ್ಟಿಕೊಂಡರು. ಈ ಒಂದು ತಿರುವು ನನಗೆ ಮುಖ್ಯವೆಂದು ತೋರುತ್ತದೆ. ತನ್ನ ಮಾತನ್ನು ಮೊದಲು ಓದಿ "ಇದು ನಿಜವೇ?" ಎಂದು ಕೇಳಬಲ್ಲ ಇನ್ನೊಬ್ಬ ವ್ಯಕ್ತಿ ಅಂದಿನಿಂದ ಅವರಿಗೆ ಇಲ್ಲವಾದನು. ಅವರ ಧರ್ಮಾಧ್ಯಕ್ಷರು ಅವರನ್ನು ಬೆಂಬಲಿಸುತ್ತಲೇ ಹೋದರು. 1932ರಲ್ಲಿ ರೂಸ್‌ವೆಲ್ಟ್ ಅವರ ಪರ. ನಾಲ್ಕು ವರ್ಷದೊಳಗೆ ಅದೇ ಅಧ್ಯಕ್ಷರನ್ನು ಬಹಿರಂಗ ಸಭೆಯಲ್ಲಿ ಸುಳ್ಳುಗಾರ ಎಂದು ಕರೆದು ಅನಂತರ ಕ್ಷಮೆ ಕೇಳುವ ಸ್ಥಿತಿ. ಅದೇ 1936ರಲ್ಲಿ ತಮ್ಮ ಅಭ್ಯರ್ಥಿಗೆ 90 ಲಕ್ಷ ಮತ ತಂದುಕೊಡದಿದ್ದರೆ ಬಾನುಲಿಯನ್ನೇ ಬಿಡುತ್ತೇನೆಂದರು. ಒಂಬತ್ತು ಲಕ್ಷವೂ ಬರಲಿಲ್ಲ. ಬಿಟ್ಟರು, ಕೆಲವೇ ವಾರಗಳಲ್ಲಿ ಮರಳಿ ಬಂದರು. ಕೇಳುಗರಿಗೆ ಅವರು ಬೇಕಾಗಿದ್ದರು, ಅವರಿಗೆ ಕೇಳುಗರು ಬೇಕಾಗಿದ್ದರು.

ಬಡವರ ನೋವಿನಿಂದ ಶುರುವಾದ ಮಾತು ಕ್ರಮೇಣ ಆ ನೋವಿಗೆ ಕಾರಣನಾದವನನ್ನು ಹುಡುಕಲು ಹೊರಟಿತು. ಮೊದಲು ಕಮ್ಯುನಿಸ್ಟರು, ಆಮೇಲೆ ಬ್ಯಾಂಕಿನವರು, ಕೊನೆಗೆ ಯೆಹೂದ್ಯರು. 1938ರಲ್ಲಿ ಯೆಹೂದ್ಯರ ವಿರುದ್ಧ ಯಾರೋ ಹೆಣೆದಿದ್ದ ಕೃತಕ ದಾಖಲೆಯನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಆ ವರ್ಷದ ನವೆಂಬರಿನಲ್ಲಿ ಜರ್ಮನಿಯಲ್ಲಿ ಯೆಹೂದ್ಯರ ಅಂಗಡಿಗಳನ್ನೂ ಪ್ರಾರ್ಥನಾ ಮಂದಿರಗಳನ್ನೂ ಒಡೆದು ಸುಟ್ಟರು. ಹತ್ತು ದಿನಗಳ ಬಳಿಕ ಕಾಗ್ಲಿನ್ ಬಾನುಲಿಯಲ್ಲಿ ಅದಕ್ಕೆ ಸಮರ್ಥನೆ ಒದಗಿಸುವಂತೆ ಮಾತನಾಡಿದರು. ಹೊಸ ಧರ್ಮಾಧ್ಯಕ್ಷ ಎಡ್ವರ್ಡ್ ಮೂನಿ ಅವರು 1942ರಲ್ಲಿ ಅವರ ರಾಜಕೀಯ ಕೆಲಸವನ್ನು ನಿಲ್ಲಿಸಿದರು. ಅನಂತರ 1966ರವರೆಗೆ ಫಾದರ್ ಕಾಗ್ಲಿನ್ ಅದೇ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತ, ಮಕ್ಕಳಿಗೆ ಜ್ಞಾನಸ್ನಾನ ಕೊಡುತ್ತ ಇದ್ದರು.

ಹಾಗಾದರೆ ಬಾನುಲಿಯಲ್ಲಿ, ಪೀಠದಲ್ಲಿ, ಎಲ್ಲಿಯೂ ರಾಜಕೀಯವನ್ನು ಆಡದಿರುವುದೇ ಲೇಸೆಂದು ಹಲವರು ಹೇಳುತ್ತಾರೆ. ನಮ್ಮ ಭಾಗದ ಹಿರಿಯರ ಒಲವೂ ಅದೇ. ಆದರೆ ಬಾಗಲಕೋಟೆಯ ನೆಲದಲ್ಲಿ ನಿಂತು ಇದನ್ನು ಒಪ್ಪುವುದು ನನಗೆ ಕಷ್ಟ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಪಟ್ಟಣದ ಓಣಿಗಳು ಮುಳುಗಿದವು, ಜನ ನವನಗರಕ್ಕೆ ಹೋದರು. ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅನುಮತಿ ನೀಡಿದ ಮೇಲೆ ಇನ್ನಷ್ಟು ಹಳ್ಳಿಗಳ ಎದೆಯಲ್ಲಿ ಅದೇ ಭಯ ಹೊಕ್ಕಿತು. ಹೊಲ ಕಳೆದುಕೊಂಡವನ ಪರಿಹಾರದ ಮಾತು ರಾಜಕೀಯವಲ್ಲದೆ ಮತ್ತೇನು? ಅದನ್ನು ಆಡಬಾರದೆಂದರೆ ಬಾಳಿನ ಮಾತನ್ನೇ ಆಡಬಾರದೆಂದಂತೆ. ಮೌನವೂ ನಿರ್ದೋಷಿಯಲ್ಲ. 1975ರ ಜೂನ್ 26ರ ಮುಂಜಾನೆ ಪ್ರಧಾನಿಯವರು ತುರ್ತುಪರಿಸ್ಥಿತಿಯ ಸುದ್ದಿಯನ್ನು ದೇಶಕ್ಕೆ ತಿಳಿಸಿದ್ದು ಇದೇ ಆಕಾಶವಾಣಿಯಲ್ಲಿ. ಸೆರೆಮನೆಗೆ ಹೋದವರ ಮಾತು ಮುಂದಿನ ತಿಂಗಳುಗಳಲ್ಲಿ ಅದರಲ್ಲಿ ಕೇಳಿಬರಲಿಲ್ಲ. ಪ್ರಸಾರ ಸಂಹಿತೆ ಆಗಲೂ ಜಾರಿಯಲ್ಲಿತ್ತು.

ಇನ್ನೊಬ್ಬ ಗುರುವಿನ ನೆನಪಾಗುವುದು ಇಲ್ಲಿಯೇ. ಎಲ್ ಸಾಲ್ವಡೋರಿನ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೇರೊ ಅವರ ಭಾನುವಾರದ ಪ್ರಬೋಧನೆಯು ಅವರ ಮಹಾಧರ್ಮಕ್ಷೇತ್ರದ ಬಾನುಲಿಯಲ್ಲಿ ನಾಡಿಗೆಲ್ಲ ಕೇಳುತ್ತಿತ್ತು. ಆ ವಾರ ಕೊಲೆಯಾದವರ, ಕಾಣೆಯಾದವರ ಹೆಸರುಗಳನ್ನು ಅವರು ಓದುತ್ತಿದ್ದರು. ಮೊದಲು ಮಹಾಧರ್ಮಕ್ಷೇತ್ರದ ಕಾನೂನು ನೆರವಿನ ಕಚೇರಿ ವಿವರಗಳನ್ನು ಸಂಗ್ರಹಿಸುತ್ತಿತ್ತು. ಸರ್ಕಾರದ ಹಿಂಸೆಯನ್ನು ಖಂಡಿಸಿದರು, ಬಂಡಾಯಗಾರರ ಹಿಂಸೆಯನ್ನೂ ಬಿಡಲಿಲ್ಲ. ಬಾನುಲಿ ಕೇಂದ್ರಕ್ಕೆ ಬಾಂಬು ಬಿತ್ತು. 1980ರ ಮಾರ್ಚ್ 23ರಂದು ಸೈನಿಕರಿಗೆ ತಮ್ಮವರನ್ನೇ ಕೊಲ್ಲಬೇಡಿರೆಂದು ಬೇಡಿಕೊಂಡರು. ಮರುದಿನ ಬಲಿಪೂಜೆಯ ವೇಳೆ ಅವರನ್ನು ಗುಂಡಿಟ್ಟು ಕೊಂದರು. 2018ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಹೆಸರು ಓದುವ ಬಾನುಲಿ ಇನ್ನೊಂದೂ ಇತ್ತು. ಆಫ್ರಿಕದ ರುವಾಂಡದಲ್ಲಿ 1993ರಲ್ಲಿ ಶುರುವಾದ ಒಂದು ಖಾಸಗಿ ಕೇಂದ್ರವು ಹೊಸ ಸಂಗೀತ, ನಗೆಮಾತುಗಳಿಂದ ಯುವಜನರ ಮನಸ್ಸನ್ನು ಗೆದ್ದಿತು. ಮರುವರ್ಷದ ಏಪ್ರಿಲಿನಲ್ಲಿ ನರಮೇಧ ಪ್ರಾರಂಭವಾದಾಗ ಅದೇ ಪರಿಚಿತ ದನಿಗಳು ಟುಟ್ಸಿ ಜನರ ಹೆಸರುಗಳನ್ನೂ, ಅವರಿರುವ ಜಾಗಗಳನ್ನೂ ಓದಿದವು. ರೊಮೇರೊ ಓದಿದ್ದು ಸತ್ತವರ ಹೆಸರು; ಇವರು ಓದಿದ್ದು ಸಾಯಬೇಕಾದವರದು. ಕೇಳುತ್ತಿದ್ದವರಲ್ಲಿ ಬಹುಪಾಲು ಕ್ರೈಸ್ತರು, ಅವರಲ್ಲಿಯೂ ಹೆಚ್ಚಿನವರು ಕಥೋಲಿಕರು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯು ಆ ಕೇಂದ್ರದ ಸ್ಥಾಪಕರಿಗೆ ಶಿಕ್ಷೆ ವಿಧಿಸಿತು. ಕೇಳುಗರ ವಿಚಾರಣೆ ಯಾವ ನ್ಯಾಯಾಲಯಕ್ಕೂ ಸಾಧ್ಯವಿಲ್ಲ.

ಆದ್ದರಿಂದ "ರಾಜಕೀಯ ಬಂತೇ, ಬಾರದೇ" ಎಂಬ ಒರೆಗಲ್ಲು ನಮಗೆ ಸಾಲದು. ಯಾರ ನೋವನ್ನು ಹೇಳುತ್ತಿದ್ದಾನೆ, ಹೇಳುವ ಮುಂಚೆ ವಿಚಾರಿಸಿದ್ದಾನೆಯೇ, ತಾನು ದೂರುತ್ತಿರುವವನಿಗೆ ಉತ್ತರಿಸಲು ಎಡೆ ಇದೆಯೇ ಎಂದು ನೋಡಬೇಕಾಗುತ್ತದೆ. ಕೊನೆಯದು ನನಗೆ ಎಲ್ಲಕ್ಕಿಂತ ತೂಕದ್ದೆನಿಸುತ್ತದೆ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಆ ಮಾತಿಗೆ ಬಾಗಿಲಲ್ಲಿಯೇ ಉತ್ತರ ಕೊಡಬಹುದಾಗಿತ್ತು. "ಇಲ್ಲರೀ ಅಪ್ಪಾರ, ಬಿಡಾಕ ಆಗೂದಿಲ್ಲ" ಎನ್ನುವವನ ಮುಖ ಅವರಿಗೂ ಕಾಣುತ್ತಿತ್ತು. ಮೊಬೈಲಿನ ನಿರೂಪಕನಿಗೆ ನಮ್ಮ ಮುಖವಿಲ್ಲ. ಅವನು ಹಳಿಯುತ್ತಿರುವ ಸಮುದಾಯದವನು ಪಕ್ಕದ ಓಣಿಯಲ್ಲಿ ರೇಷ್ಮೆಗೆ ಬಣ್ಣ ಹಾಕುತ್ತಿರುತ್ತಾನೆ. ಹಬ್ಬಕ್ಕೆ ಪರಸ್ಪರ ಊಟ ಕಳಿಸಿದ ಮನೆಗಳು ಅವು. ನಿರೂಪಕನಿಗೆ ಅದು ಗೊತ್ತಿಲ್ಲ, ನಮಗೆ ಗೊತ್ತಿದೆ.

ನಾಲಿಗೆಯ ಕಿಡಿ ಕಾಡನ್ನೇ ಸುಡಬಲ್ಲದೆಂಬ ಎಚ್ಚರಿಕೆಯನ್ನು ಯಕೋಬನ ಪತ್ರದ ಮೂರನೆಯ ಅಧ್ಯಾಯದಲ್ಲಿ ಓದುವಾಗ ನಾವು ಆಡುವವನನ್ನು ನೆನೆಯುತ್ತೇವೆ. ಎಂಟನೆಯ ಆಜ್ಞೆಯ ಆತ್ಮಶೋಧನೆಯಲ್ಲಿಯೂ ನಾವು ಹೇಳಿದ ಸುಳ್ಳುಗಳನ್ನೇ ಎಣಿಸುತ್ತೇವೆ. ಇಷ್ಟಪಟ್ಟು ಕೇಳಿದ ಸುಳ್ಳು ಲೆಕ್ಕಕ್ಕೆ ಬರುವುದಿಲ್ಲ. ಒಣಗಿದ ಕಾಡು ಇಲ್ಲದೆ ಕಿಡಿ ಏನು ಮಾಡೀತು? ಜಗದ್ಗುರು ಫ್ರಾನ್ಸಿಸರು 2022ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವಿಕೆಯ ಮೇಲೆಯೇ ಬರೆದರು.

ನಮ್ಮ ಕಡೆಯ ಒಂದು ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಕಳೆದ ತಪಸ್ಸುಕಾಲದಲ್ಲಿ ಈ ಪ್ರಶ್ನೆಯನ್ನು ಇಟ್ಟೆವು: ಈ ವಾರ ಯಾರ ಮಾತು ಕೇಳಿ, ಯಾರ ಮೇಲೆ ಸಿಟ್ಟು ಬಂತು? ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ವಯಸ್ಸಾದ ನೇಕಾರರೊಬ್ಬರು ಬೆರಳೆಣಿಸಿ, ಮೂವರ ಮೇಲೆ ಬಂದಿತ್ತೆಂದರು. ಮೂವರನ್ನೂ ಅವರು ಕಂಡಿಲ್ಲ, ಅವರ ಊರೂ ಗೊತ್ತಿಲ್ಲ. "ಮತ್ತ ಅದ ವಾರ ನೂಲಿನ ತೂಕದಾಗ ಒಬ್ಬಾಂವ ನನಗ ಮೋಸ ಮಾಡಿದ್ದ," ಎಂದು ಸ್ವಲ್ಪ ತಡೆದು ಹೇಳಿದರು, "ಅವನ ಮ್ಯಾಲ ಅಷ್ಟು ಸಿಟ್ಟು ಬಂದಿರಲಿಲ್ಲ ನೋಡ್ರಿ."